ಮಗುವಿನ ಕೈಗೆ ಯಾವ ಪುಸ್ತಕ?



ನೀವು ಈಗ ಓದಬಲ್ಲಿರಿ. ಬಸ್ಸಿನ ಬೋರ್ಡು ಓದುತ್ತೀರಿ. ರೇಷನ್ ಕಾರ್ಡಿನಲ್ಲಿ ಹೆಸರು ಸರಿಯಾಗಿದೆಯಾ ಅಂತ ನೋಡುತ್ತೀರಿ. ಸಂಘದ ಪಾಸ್‌ಬುಕ್ಕಿನ ಲೆಕ್ಕ ನೀವೇ ತಾಳೆ ಹಾಕುತ್ತೀರಿ. ಈ ಪಾಠ ನಿಮ್ಮದೂ ಹೌದು, ನಿಮ್ಮ ಮನೆಯ ಮಗುವಿನದೂ ಹೌದು.

ನಮ್ಮ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು:

"ಟೀಚರೇ, ನನ್ನ ಮಗಳು ಎರಡನೇ ಕ್ಲಾಸು. ಪಾಠದ ಪುಸ್ತಕ ಗಿಣಿ ಥರ ಒಪ್ಪಿಸ್ತಾಳೆ. ಬೇರೆ ಪುಸ್ತಕ ಕೊಟ್ರೆ ತಡವರಿಸ್ತಾಳೆ. ಜಾತ್ರೇಲಿ ಒಂದು ಕತೆ ಪುಸ್ತಕ ತಂದೆ. ಎರಡು ಪುಟ ನೋಡಿ ಮೂಲೆಗಿಟ್ಲು. ದುಡ್ಡು ದಂಡ ಆಯ್ತು. ಯಾವ ಪುಸ್ತಕ ತರಬೇಕು, ನೀವೇ ಹೇಳಿ."

ಆ ಪುಸ್ತಕ ತರಿಸಿ ನೋಡಿದೆ. ಒಬ್ಬ ರಾಜನ ಕತೆ. ಅಕ್ಷರ ಸಾಸಿವೆ ಕಾಳಿನಷ್ಟು. ಹತ್ತು ಪುಟಕ್ಕೆ ಒಂದು ಚಿತ್ರ. ಸಾಲು ಸಾಲಿಗೂ 'ಸಿಂಹಾಸನ', 'ಚಕ್ರವರ್ತಿ', 'ರಾಜ್ಯಾಭಿಷೇಕ'. ಏಳು ವರ್ಷದ ಮಗು ಅದನ್ನು ಮೂಲೆಗಿಡದೆ ಇನ್ನೇನು ಮಾಡುತ್ತದೆ? ಪುಸ್ತಕ ಕೆಟ್ಟದ್ದಲ್ಲ. ಆ ವಯಸ್ಸಿನದಲ್ಲ, ಅಷ್ಟೇ.

ಈ ಕಷ್ಟ ನಿಮಗೆ ಚೆನ್ನಾಗಿ ಗೊತ್ತು. ಅ, ಆ, ಇ, ಈ ಕಲಿತ ಮೇಲೆ ಒತ್ತಕ್ಷರ ಬಂದಾಗ ನಿಮ್ಮಲ್ಲಿ ಎಷ್ಟೋ ಜನ, "ಇನ್ನು ಇದು ನನ್ನ ಕೈಲಾಗಲ್ಲ" ಅಂದಿದ್ದಿರಿ. ಎರಡನೇ, ಮೂರನೇ ತರಗತಿಯ ಮಗುವೂ ಇದೇ ಮೆಟ್ಟಿಲ ಮೇಲೆ ನಿಂತಿರುತ್ತದೆ. ಅಕ್ಷರ ಗೊತ್ತು. ಓದು ಇನ್ನೂ ಹರಿಯುತ್ತಿಲ್ಲ. ಈ ಹೊತ್ತಿನಲ್ಲಿ ಸರಿಯಾದ ಪುಸ್ತಕ ಸಿಕ್ಕರೆ ಓದು ಕೈಹಿಡಿಯುತ್ತದೆ. ಸಿಗದೆ ಹೋದರೆ ಓದು ಅಂದರೆ ಪರೀಕ್ಷೆ, ಓದು ಅಂದರೆ ಬೈಗುಳ ಅಂತ ಮಗು ತಿಳಿಯುತ್ತದೆ. ಐದನೇ ತರಗತಿಗೆ ಬಂದರೂ ಎರಡನೇ ತರಗತಿಯ ಪಾಠ ಓದಲಾಗದ ಮಕ್ಕಳನ್ನು ನಾನು ನೋಡಿದ್ದೇನೆ. ಅಂಥ ಮಕ್ಕಳೇ ಮುಂದೆ ಶಾಲೆ ಬಿಡುವುದು. ಅದರಲ್ಲೂ ಹುಡುಗಿಯಾದರೆ, "ಹೇಗೂ ಓದು ಹತ್ತಲಿಲ್ಲ, ಮನೆಗೆಲಸಕ್ಕೆ ಇರಲಿ" ಅನ್ನುವ ಮಾತು ಬೇಗ ಬರುತ್ತದೆ.

ಬೆರಳಿನ ಲೆಕ್ಕ

ಪುಸ್ತಕ ಮಗುವಿಗೆ ಆಗುತ್ತದೋ ಇಲ್ಲವೋ ನೋಡಲು ಒಂದು ಸುಲಭ ಉಪಾಯ ಇದೆ. ಪುಸ್ತಕದ ನಡುವಿನ ಒಂದು ಪುಟ ತೆರೆಯಿರಿ. ಮಗು ಓದಲಿ. ಪದ ಸಿಕ್ಕಿಹಾಕಿಕೊಂಡಾಗಲೆಲ್ಲ ಒಂದು ಬೆರಳು ಮಡಚಲಿ. ಒಂದೋ ಎರಡೋ ಬೆರಳು ಮಡಚಿದರೆ ಪುಸ್ತಕ ಸರಿಯಾಗಿದೆ. ಪುಟ ಮುಗಿಯುವುದರೊಳಗೆ ಐದೂ ಬೆರಳು ಮಡಚಿದರೆ ಆ ಪುಸ್ತಕ ಈಗ ಬೇಡ, ಆರು ತಿಂಗಳು ಬಿಟ್ಟು ನೋಡೋಣ. ಅಲ್ಲಿಯವರೆಗೆ ಬೇಕಾದರೆ ನೀವು ಓದಿ, ಮಗು ಕೇಳಲಿ.

"ನಾನೇ ನಿಧಾನ ಓದ್ತೀನಿ ಟೀಚರೇ, ಮಗೂಗೆ ಏನು ಓದಿ ಹೇಳಲಿ?" ಅನ್ನಬೇಡಿ. ನಿಧಾನ ಓದಿದರೆ ಮಗುವಿಗೆ ಒಳ್ಳೆಯದೇ. ಅಕ್ಷರದ ಕೆಳಗೆ ಬೆರಳಿಟ್ಟು ಒಂದು ಸಾಲು ನೀವು, ಒಂದು ಸಾಲು ಮಗು. ತಪ್ಪಿದರೆ ಇಬ್ಬರೂ ನಗಿ.

ಬೆಂಗಳೂರಿನ ಪ್ರಥಮ್ ಬುಕ್ಸ್ ಎಂಬ ಸಂಸ್ಥೆ 2004ರಿಂದ ಮಕ್ಕಳ ಪುಸ್ತಕ ತರುತ್ತಿದೆ. ಅದರ ಪುಸ್ತಕಗಳ ಮೇಲೆ 1ರಿಂದ 4ರವರೆಗೆ ಓದಿನ ಹಂತ ಹಾಕಿರುತ್ತಾರೆ. ಒಂದನೇ ಹಂತದಲ್ಲಿ ಪುಟಕ್ಕೆ ಒಂದೆರಡು ಸಾಲು ಮಾತ್ರ. ನಾಲ್ಕನೇ ಹಂತ ಚೆನ್ನಾಗಿ ಓದುವವರಿಗೆ. ಅಂಗಡಿಯಲ್ಲಿ ಮೊದಲು ಈ ಅಂಕಿ ನೋಡಿ. ಅದರಲ್ಲೇ ಶೃಂಗೇರಿ ಶ್ರೀನಿವಾಸ ಎಂಬ ರೈತನ ಕತೆಗಳಿವೆ. ಈತ ಕೂದಲು ಕತ್ತರಿಸಿಕೊಳ್ಳುವುದು ವರ್ಷಕ್ಕೆ ಒಂದೇ ಸಲ! ಆ ದಿನ ಬಂದರೆ ಕ್ಷೌರದವನಿಗೂ ಪುರುಸೊತ್ತಿಲ್ಲ, ಹೆಂಡತಿಗೂ ಪುರುಸೊತ್ತಿಲ್ಲ. ಮಕ್ಕಳು ಹೊಟ್ಟೆ ಹಿಡಿದು ನಗುತ್ತಾರೆ. ಕತೆ ಅಂದರೆ ಕೊನೆಗೆ ನೀತಿ ಇರಲೇಬೇಕು ಅಂತ ನಾವು ಹಿರಿಯರು ಅಂದುಕೊಂಡಿದ್ದೇವೆ. ಬರೀ ನಗಿಸುವ ಕತೆಯೂ ಬೇಕು. ನಕ್ಕ ಮಗು ಇನ್ನೊಂದು ಪುಸ್ತಕ ಕೇಳುತ್ತದೆ.

ಪುಸ್ತಕದಲ್ಲಿ ಯಾರಿದ್ದಾರೆ?

ಅಳತೆ ನೋಡಿದ್ದಾಯಿತು. ಇನ್ನೊಂದು ನೋಡಬೇಕು. ಇದನ್ನು ಅಂಗಡಿಯವನು ಹೇಳುವುದಿಲ್ಲ. ನೀವೇ ನೋಡಬೇಕು.

ಪುಸ್ತಕ ಓದುವ ಮೊದಲು ಚಿತ್ರಗಳನ್ನು ನೋಡುತ್ತಾ ಹೋಗಿ. ಅಮ್ಮ ಎಲ್ಲಿದ್ದಾಳೆ? ಒಲೆ ಮುಂದೆ. ಅಪ್ಪ? ಕುರ್ಚಿಯಲ್ಲಿ, ಕೈಯಲ್ಲಿ ಪೇಪರು. ಅಣ್ಣ ಚೆಂಡು ಆಡುತ್ತಾನೆ. ತಂಗಿ ಗೊಂಬೆ ಹಿಡಿದು ನೋಡುತ್ತಾಳೆ. ನಮ್ಮ ಊರಿನಲ್ಲಿ ಅಮ್ಮ ನಾಟಿಗೆ ಹೋಗುತ್ತಾಳೆ, ಬೀಡಿ ಕಟ್ಟುತ್ತಾಳೆ, ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಸಂಘ ನಡೆಸುತ್ತಾಳೆ, ಪಂಚಾಯತಿ ಮೆಂಬರೂ ಆಗಿದ್ದಾಳೆ. ಪುಸ್ತಕದ ಅಮ್ಮ ಮಾತ್ರ ಒಲೆ ಬಿಟ್ಟು ಏಳುವುದೇ ಇಲ್ಲ!

ಇನ್ನೂ ನೋಡಿ. ಕಪ್ಪು ಬಣ್ಣದವರೆಲ್ಲ ರಾಕ್ಷಸರಾ? ಬಡವನೆಂದರೆ ಪೆದ್ದನಾ? ಕುಂಟುವವನನ್ನು ನಗೆಪಾಟಲು ಮಾಡಿದ್ದಾರಾ? ಕತೆಯ ಮಕ್ಕಳ ಹೆಸರು, ಹಬ್ಬ, ಊಟ ಎಲ್ಲವೂ ಒಂದೇ ಥರದ ಮನೆಯದಾ? ಕೇರಿಯ ಮಗು, ತಾಂಡಾದ ಮಗು, ಸಾಬರ ಮನೆಯ ಮಗು, ಹಾಡಿಯ ಮಗು ಅಲ್ಲಿ ಇದ್ದಾರಾ? ಹತ್ತು ಪುಸ್ತಕದಲ್ಲೂ ತನ್ನಂಥವರು ಯಾರೂ ಕಾಣದಿದ್ದರೆ, ಪುಸ್ತಕ ಬೇರೆಯವರಿಗೆ, ನನಗಲ್ಲ ಅಂತ ಮಗು ಒಳಗೊಳಗೇ ತಿಳಿಯುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ. ನಾವೂ ಎಷ್ಟೋ ವರ್ಷ ಹಾಗೇ ತಿಳಿದಿದ್ದೆವು ಅಲ್ಲವಾ?

ಹಾಗಂತ ನಮ್ಮ ಮನೆಯ ಕತೆ ಮಾತ್ರ ಸಾಲದು. ಪಕ್ಕದ ಮನೆಯ ಕತೆಯೂ ಮಗುವಿಗೆ ಗೊತ್ತಾಗಬೇಕು. ಚೆನ್ನೈನ ತೂಲಿಕಾ ಪ್ರಕಾಶನ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಚಿತ್ರದ ಪುಸ್ತಕ ತರುತ್ತದೆ. ಅದರ ಮೂರು ಕತೆ ಹೇಳುತ್ತೇನೆ.

ಇಸ್ಮತ್ ಎಂಬ ಚಪ್ಪಲಿ ಹೊಲಿಯುವವನು ಈದ್ ಹಬ್ಬಕ್ಕೆ ಹೆಂಡತಿ, ತಾಯಿ, ಮಗಳಿಗೆ ಉಡುಗೊರೆ ತರುತ್ತಾನೆ. ತನಗೊಂದು ಪೈಜಾಮ. ಅದು ಉದ್ದ. ತುಂಡು ಮಾಡಿಕೊಡಿ ಅಂದರೆ ಹಬ್ಬದ ಗಡಿಬಿಡಿಯಲ್ಲಿ ಯಾರಿಗೂ ಸಮಯವಿಲ್ಲ. ಆಮೇಲೆ ಪಾಪ ಅಂತ ಒಬ್ಬೊಬ್ಬರೂ ಗುಟ್ಟಾಗಿ ಕತ್ತರಿ ಹಾಕುತ್ತಾರೆ. ಪೈಜಾಮದ ಗತಿ ಏನಾಗಿರಬೇಡ! ಈದ್ ಗೊತ್ತಿಲ್ಲದ ಮಗುವೂ ನಗುತ್ತದೆ. ಹಬ್ಬದ ಗಡಿಬಿಡಿ ಎಲ್ಲರ ಮನೆಯಲ್ಲೂ ಒಂದೇ.

ಇನ್ನೊಂದರಲ್ಲಿ ಕಣ್ಣ ಎಂಬ ಹುಡುಗ. ಮಾತು ಕಡಿಮೆ. ಬಂಧುಗಳ ಜೊತೆ ಗುಹೆಯ ದೇವಸ್ಥಾನ ನೋಡಲು ಹೋಗುತ್ತಾನೆ. ಕರೆಂಟು ಹೋಗಿ ಗುಹೆಯೊಳಗೆ ಕತ್ತಲೆ. ಎಲ್ಲರೂ ಹೆದರಿದಾಗ ದಾರಿ ತೋರಿಸಿ ಹೊರಗೆ ಕರೆತರುವವನು ಕಣ್ಣ. ಯಾಕೆಂದರೆ ಅವನಿಗೆ ಕಣ್ಣು ಕಾಣುವುದಿಲ್ಲ. ಕತ್ತಲೆ ಅವನಿಗೆ ಹೊಸದಲ್ಲ.

ಮೂರನೆಯದನ್ನು ಬರೆದವರು ಬಂಗಾಳದ ದೊಡ್ಡ ಲೇಖಕಿ ಮಹಾಶ್ವೇತಾದೇವಿ. ಶಬರ ಎಂಬ ಆದಿವಾಸಿ ಜನರ ಹುಡುಗಿ ಮೊಯ್ನಾ ಇದರ ನಾಯಕಿ. ಶಾಲೆಗೆ ಹೋಗದೆ ಒಡೆಯರ ಮೇಕೆ ಕಾಯುತ್ತಾಳೆ. ಬಾಯಿ ತೆರೆದರೆ 'ಯಾಕೆ?' ನೀರಿಗೆ ಅಷ್ಟು ದೂರ ಯಾಕೆ ಹೋಗಬೇಕು? ಎರಡು ಹೊತ್ತು ಅನ್ನ ಯಾಕಿಲ್ಲ? ಬೆಳಿಗ್ಗೆ ಮೇಕೆ ಮೇಯಿಸುವ ನಾನು ಬರುವ ಹೊತ್ತಿಗೆ ಶಾಲೆ ಯಾಕೆ ನಡೆಸುವುದಿಲ್ಲ? ಕೊನೆಗೆ ಅವಳು ಕಲಿಯುತ್ತಾಳೆ, ದೊಡ್ಡವಳಾಗಿ ಅಲ್ಲೇ ಕಲಿಸುತ್ತಾಳೆ. ನೀವೂ ಕೆಲಸ ಮುಗಿಸಿ ರಾತ್ರಿ ಹೊತ್ತು ಕೇಂದ್ರಕ್ಕೆ ಬಂದು ಕಲಿತವರು. ಮೊಯ್ನಾಳ ಪ್ರಶ್ನೆ ನಿಮಗೆ ಬೇಗ ಅರ್ಥವಾಗುತ್ತದೆ.

ಹಳೆಯ ಕತೆಗಳನ್ನು ಬಿಸಾಡಬೇಕಾ? ಬೇಡ. ಕಾಗಕ್ಕ ಗುಬ್ಬಕ್ಕನ ಕತೆ ನಿಮ್ಮ ಬಾಯಲ್ಲೇ ಇದೆ. ಗೊತ್ತಿರುವ ಕತೆ ಪುಸ್ತಕದಲ್ಲಿ ಸಿಕ್ಕರೆ ಮಗು ಸಲೀಸಾಗಿ ಓದುತ್ತದೆ, ಮುಂದಿನ ಪದ ಮೊದಲೇ ನಾಲಿಗೆಗೆ ಬರುತ್ತದೆ. ಅಂಥ ಕತೆಯಲ್ಲಿ ಮಲತಾಯಿಯನ್ನು ಕೆಟ್ಟವಳು ಅಂತ ಬರೆದಿದ್ದರೆ ಓದಿ ಮುಗಿಸಿ, "ನಮ್ಮೂರಲ್ಲಿ ಎಲ್ಲ ಚಿಕ್ಕಮ್ಮಂದಿರೂ ಹೀಗೇನಾ?" ಅಂತ ಮಗುವನ್ನೇ ಕೇಳಿ.

ಒಂದೇ ಸಲಕ್ಕೆ ಮುಗಿಯದ ಪುಸ್ತಕ

ಚಿತ್ರದ ಪುಸ್ತಕ ಸಲೀಸಾದ ಮೇಲೆ ಮಗು ದೊಡ್ಡ ಪುಸ್ತಕ ಹಿಡಿಯಬೇಕು. ದಪ್ಪ ನೋಡಿ ಹೆದರುತ್ತದೆ. ಇಲ್ಲಿ ಅಧ್ಯಾಯದ ಪುಸ್ತಕ ನೆರವಿಗೆ ಬರುತ್ತದೆ. ಅಧ್ಯಾಯ ಎಂದರೆ ಕತೆಯ ಒಂದು ತುಂಡು. ಟಿ.ವಿ. ಧಾರಾವಾಹಿ ದಿನಕ್ಕೊಂದು ಕಂತು ಬರುವ ಹಾಗೆ ದಿನಕ್ಕೊಂದು ಅಧ್ಯಾಯ. ಇವತ್ತು ನಿಲ್ಲಿಸಿದ ಕಡೆ ಒಂದು ಕಡ್ಡಿ ಇಡಿ. ನಾಳೆ ಅಲ್ಲಿಂದ ಮುಂದಕ್ಕೆ.

ನನಗೆ ಬಹಳ ಇಷ್ಟವಾದದ್ದು 'ತೊತ್ತೋ ಚಾನ್'. ಜಪಾನಿನ ತೆತ್ಸುಕೊ ಕುರೊಯಾನಾಗಿ ಎಂಬಾಕೆ ತನ್ನ ಬಾಲ್ಯವನ್ನೇ ಬರೆದದ್ದು. ಜಪಾನಿನಲ್ಲಿ 1981ರಲ್ಲಿ ಬಂತು. ಕನ್ನಡದಲ್ಲೂ ಇದೆ. ಅಧ್ಯಾಯಗಳು ಚಿಕ್ಕವು. ಕೆಲವು ಎರಡು ಮೂರು ಪುಟ ಅಷ್ಟೇ.

ತೊತ್ತೋ ಚಾನ್ ತುಂಟ ಹುಡುಗಿ. ತರಗತಿಯಲ್ಲಿ ಕಿಟಕಿ ಹತ್ತಿರ ನಿಂತು ಬೀದಿಯ ವಾದ್ಯದವರನ್ನು ಕರೆಯುತ್ತಾಳೆ. ಒಂದನೇ ತರಗತಿಯಲ್ಲೇ ಶಾಲೆಯಿಂದ ತೆಗೆದುಹಾಕುತ್ತಾರೆ. ಅವಳ ಅಮ್ಮ ಏನು ಮಾಡಿದಳು ಗೊತ್ತಾ? ಬೈಯಲಿಲ್ಲ. ನಿನ್ನನ್ನು ತೆಗೆದುಹಾಕಿದರು ಅಂತ ಹೇಳಲೂ ಇಲ್ಲ. ಬೇರೆ ಶಾಲೆ ಹುಡುಕಿದಳು. ಮಗಳಿಗೆ ಇಪ್ಪತ್ತು ವರ್ಷ ಆದ ಮೇಲೆ ಆ ವಿಷಯ ಹೇಳಿದಳು. ಈ ಜಾಗಕ್ಕೆ ಬಂದಾಗ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾವಾಗಿದ್ದರೆ ಬೆನ್ನಿಗೆ ನಾಲ್ಕು ಬಿಗಿಯುತ್ತಿದ್ದೆವು.

ಹೊಸ ಶಾಲೆಯ ತರಗತಿಗಳು ಹಳೆಯ ರೈಲು ಡಬ್ಬಿಗಳಲ್ಲಿ. ಹೆಡ್‌ಮಾಸ್ಟರು ಕೊಬಾಯಾಶಿ ಮಗುವಿನ ಮಾತು ಗಂಟೆಗಟ್ಟಲೆ ಕೇಳುವವರು. ಪೋಲಿಯೋ ಆದ ಗೆಳೆಯ ಯಾಸುಆಕಿಯನ್ನು ತೊತ್ತೋ ಏಣಿ ತಂದು, ಬೆವರು ಸುರಿಸಿ, ಮರ ಹತ್ತಿಸುತ್ತಾಳೆ. ಆ ಒಂದು ಅಧ್ಯಾಯ ಓದಿಸಿದರೂ ಸಾಕು, ಮಗು ತನ್ನ ತರಗತಿಯ ಕೈಲಾಗದ ಗೆಳೆಯನನ್ನು ಬೇರೆ ಕಣ್ಣಿಂದ ನೋಡುತ್ತದೆ. 1945ರಲ್ಲಿ ಯುದ್ಧದ ಬಾಂಬಿಗೆ ಆ ಶಾಲೆ ಸುಟ್ಟುಹೋಯಿತು.

ನಮ್ಮ ಕನ್ನಡದಲ್ಲೇ ಬರೆದ ಮಕ್ಕಳ ಕಾದಂಬರಿಗಳೂ ಇವೆ. ಇವು ನಾಲ್ಕು, ಐದನೇ ತರಗತಿ ದಾಟಿದವರಿಗೆ ಸರಿ. ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಪುಸ್ತಕಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಬಂತು. ಅದೇ ಪುರಸ್ಕಾರ 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ'ಕ್ಕೂ, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್'ಗೂ ಬಂತು. ಆದರೆ ಏಳೆಂಟು ವರ್ಷದ ಮಗುವಿಗೆ, ದೊಡ್ಡ ಅಕ್ಷರದಲ್ಲಿ, ಪುಟ್ಟ ಪುಟ್ಟ ಅಧ್ಯಾಯದಲ್ಲಿ ಬರೆದ ಪುಸ್ತಕ ನಮ್ಮಲ್ಲಿ ಕಡಿಮೆ ಅಂತಲೇ ನನಗನ್ನಿಸುತ್ತದೆ. ಅದಕ್ಕೇ ಈ ಮೆಟ್ಟಿಲಲ್ಲಿ ಅಮ್ಮ ಪಕ್ಕದಲ್ಲಿ ಕೂರಬೇಕು.

ದುಡ್ಡು ಕೊಡದೆ ಎಲ್ಲಿ ಸಿಗುತ್ತದೆ?

ಪುಸ್ತಕ ಕೊಳ್ಳಲೇಬೇಕು ಅಂತಿಲ್ಲ. ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ ಹೋಗಿ. ಈಗ ಅದನ್ನು 'ಅರಿವು ಕೇಂದ್ರ' ಎಂದೂ ಕರೆಯುತ್ತಾರೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಮಗುವಿನ ಹೆಸರು ಇದೆಯಾ ಕೇಳಿ. ನಿಮ್ಮ ಹೆಸರನ್ನೂ ಬರೆಸಿ. ಸ್ಮಾರ್ಟ್ ಫೋನ್ ಇದ್ದವರು ಪ್ರಥಮ್ ಬುಕ್ಸ್‌ನವರ 'ಸ್ಟೋರಿವೀವರ್'ನಲ್ಲಿ ಕನ್ನಡ ಕತೆಗಳನ್ನು ಪುಕ್ಕಟೆ ಓದಬಹುದು.

ಶಾಲೆ ಮರೆಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು. ಅದರಲ್ಲಿ ಕತೆ ಪುಸ್ತಕವೂ ಇರಬೇಕು. ಕೆಲವು ಕಡೆ ಪುಸ್ತಕ ಇರುತ್ತದೆ, ಬೀರುವಿಗೆ ಬೀಗ. ಮಕ್ಕಳು ಹರಿದುಹಾಕಿದರೆ ಲೆಕ್ಕ ಕೊಡಬೇಕಲ್ಲ ಅಂತ ನಮಗೆ ಶಿಕ್ಷಕರಿಗೆ ಭಯ. ಹರಿಯಲಿ ಬಿಡಿ, ಗೋಂದು ಹಚ್ಚಿದರಾಯಿತು. ಗೆದ್ದಲು ತಿಂದ ಪುಸ್ತಕಕ್ಕೆ ಏನು ಹಚ್ಚುವುದು? ಅದೇ ಕಾಯ್ದೆಯಂತೆ ಸರ್ಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ತಂದೆತಾಯಿ, ಪೋಷಕರೇ ಆಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಮುಂದಿನ ಸಭೆಗೆ ಹೋಗಿ, "ಬೀರು ಯಾವ ದಿನ ತೆಗೀತೀರಿ ಮೇಷ್ಟ್ರೇ?" ಅಂತ ಕೇಳಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ.

ಗಟ್ಟಿಯಾಗಿ ಓದಿ

ಅಧ್ಯಾಯ, ಗ್ರಂಥಾಲಯ, ಸದಸ್ಯತ್ವ, ಪುರಸ್ಕಾರ, ಒತ್ತಕ್ಷರ

ಬರೆಯಿರಿ

ನನ್ನ ಮಗು / ಮೊಮ್ಮಗು ಓದುವ ತರಗತಿ ..........
ಕಳೆದ ತಿಂಗಳು ಮಗು ಓದಿದ ಕತೆ ಪುಸ್ತಕ ..........
ನಮ್ಮ ಊರಿನ ಗ್ರಂಥಾಲಯ ತೆರೆಯುವ ಹೊತ್ತು ..........

ಕೇಂದ್ರದಲ್ಲಿ ಕೂತು ಮಾತಾಡಿ

ಮಗುವಿನ ಪಾಠದ ಪುಸ್ತಕ ತನ್ನಿ. ಅದರಲ್ಲಿ ಹೆಂಗಸರ ಚಿತ್ರ ಎಷ್ಟಿವೆ? ಅವರು ಏನು ಕೆಲಸ ಮಾಡುತ್ತಿದ್ದಾರೆ? ನಿಮ್ಮಂಥ ಅಮ್ಮ ಆ ಪುಸ್ತಕದಲ್ಲಿ ಇದ್ದಾಳಾ?