ಕೊಂಡಾಪುರದ ಬಂಡೆಯೂ ಕೊಳವೆಬಾವಿಯೂ

ಕೊಂಡಾಪುರದ ಬಾಡಿಗೆ ಕೋಣೆಗಳಲ್ಲಿರುವ ನಮ್ಮವರು ಬೇಸಗೆ ಬಂತೆಂದರೆ ಕೇಳುವ ಪ್ರಶ್ನೆ ಒಂದೇ: ಪಕ್ಕದ ವಠಾರದ ಬೋರಿನಲ್ಲಿ ನೀರಿದೆ, ನಮ್ಮದೇಕೆ ಬತ್ತಿತು? ಉತ್ತರವು ನಮ್ಮ ಕಾಲಡಿಯ ಕಲ್ಲಿನಲ್ಲಿದೆ.

ಇಲ್ಲಿಯ ಕಲ್ಲು ಗ್ರಾನೈಟು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ್ದ ಶಿಲಾದ್ರವವು ಮೆಲ್ಲಮೆಲ್ಲನೆ ಆರಿ ಗಟ್ಟಿಯಾಯಿತು. ನಿಧಾನವಾಗಿ ಆರಿದುದರಿಂದಲೇ ಹರಳುಗಳು ದಪ್ಪ. ಒಡೆದ ಚೂರೊಂದನ್ನು ಬಿಸಿಲಿಗೆ ಹಿಡಿದು ನೋಡಿರಿ: ಗಾಜಿನಂತಹುದು ಬೆಣಚು, ಬಿಳಿ ಅಥವಾ ನಸುಗೆಂಪಿನದು ಫೆಲ್ಡ್‌ಸ್ಪಾರ್, ಮಿನುಗುವ ಕಪ್ಪು ಹಾಳೆ ಕಾಗೆಬಂಗಾರ. ಮೇಲಿದ್ದ ಶಿಲೆ ಸವೆದುಹೋಗಿ ಭಾರ ಇಳಿದಂತೆ ಬಂಡೆ ಬಿರಿಯಿತು. ಬಿರುಕಿಗಿಳಿದ ಮಳೆನೀರು ಫೆಲ್ಡ್‌ಸ್ಪಾರನ್ನು ಜೇಡಿಯಾಗಿಸಿ, ಮೂಲೆಗಳನ್ನು ತಿಂದು, ಚೌಕದ ಬಂಡೆಯನ್ನು ಗುಂಡಾಗಿಸಿತು. ಹಂಪೆಯ ಗುಡ್ಡಗಳೂ ಹೀಗೆಯೇ ಆದವು. (ಕಲ್ಲಿನ ಮೇಲೆ ಕಲ್ಲನ್ನು ರಾಕ್ಷಸರು ಇಟ್ಟರೆನ್ನುವವರನ್ನು ನಾವು ಜರೆಯುವುದಿಲ್ಲ, ನೋಡಿದರೆ ಹಾಗೆಯೇ ತೋರುತ್ತದೆ.)

ಗಟ್ಟಿ ಗ್ರಾನೈಟಿನೊಳಗೆ ನೀರಿಗೆ ಎಡೆಯಿಲ್ಲ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ. ಬೋರು ಬಿರುಕನ್ನು ಮುಟ್ಟಿದರೆ ನೀರು. ಹತ್ತು ಗಜ ತಪ್ಪಿದರೆ ಬರಿಯ ಧೂಳು. ಆಳಕ್ಕೆ ಹೋದಷ್ಟೂ ಬಿರುಕುಗಳು ಸಾಮಾನ್ಯವಾಗಿ ವಿರಳ. “ಇನ್ನೂ ನೂರಡಿ ಕೊರೆಯೋಣ” ಎಂಬ ಮಾತಿಗೆ ವಠಾರದವರೆಲ್ಲ ಹಣ ಕೂಡಿಸುವ ಮೊದಲು ಇದನ್ನು ನೆನೆಯಿರಿ.

ಬಿರುಕುಗಳನ್ನು ತುಂಬುವುದು ಮಳೆ. ಅಂಗಳಕ್ಕೆಲ್ಲ ಸಿಮೆಂಟು ಬಳಿದರೆ ಅದು ಚರಂಡಿಯ ಪಾಲು. ಮಾಳಿಗೆಯ ನೀರಿಗೊಂದು ಇಂಗುಗುಂಡಿ ತೋಡಿಸಿರೆಂದು ಮನೆಯೊಡೆಯರನ್ನು ಕೇಳಬಹುದು: ತಳಕ್ಕೆ ದಪ್ಪ ಕಲ್ಲು, ನಡುವೆ ಜಲ್ಲಿ, ಮೇಲೆ ಮರಳು. ಮರಳಿನಲ್ಲಿ ನಿಂತ ಕೆಸರನ್ನು ಮುಂಗಾರಿಗೆ ಮುನ್ನ ತೆಗೆಯಬೇಕು.