ಮದುವೆಗೆ ಮುಂಚೆ ವೆನೀರ್ ಹಾಕಿಸಲೇ?

ಪ್ರಶ್ನೆ: ನನಗೆ 25 ವರ್ಷ. ಊರು ಪಾವಗಡದ ಕಡೆ, ಕೆಲಸ ಬೆಂಗಳೂರಿನಲ್ಲಿ. ಮುಂದಿನ ಹಲ್ಲುಗಳ ಮೇಲೆ ಚಿಕ್ಕಂದಿನಿಂದಲೂ ಕಂದು ಕಲೆಗಳಿವೆ. ಮೂರು ತಿಂಗಳಲ್ಲಿ ಮದುವೆ. ಒಂದು ಕ್ಲಿನಿಕ್‌ನಲ್ಲಿ ‘ಸ್ಮೈಲ್ ಡಿಸೈನಿಂಗ್’ ಎಂದು ಹತ್ತು ಹಲ್ಲಿಗೆ ವೆನೀರ್ ಹಾಕುತ್ತೇವೆ, ಎರಡೇ ಸಲ ಬಂದರೆ ಸಾಕು ಅಂದರು. ಹಾಕಿಸಲೇ? ಒಳ್ಳೆಯ ಡಾಕ್ಟರನ್ನು ಗುರುತಿಸುವುದು ಹೇಗೆ? ಅಕ್ಕನ ಮಗನಿಗೆ ಮೂರು ವರ್ಷ. ಅವನ ಹಲ್ಲೂ ಹೀಗೇ ಆಗುತ್ತದೆಯೇ?

ಉತ್ತರ: ಅಡ್ವಾನ್ಸ್ ಕೊಡುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಊರು ನೋಡಿದರೆ ಇದು ಬಹುಶಃ ಫ್ಲೋರೋಸಿಸ್. ಪಾವಗಡ ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಎನಾಮೆಲ್ ಪೂರ್ತಿ ಗಟ್ಟಿಯಾಗದೆ ಸಣ್ಣ ಸಣ್ಣ ರಂಧ್ರಗಳು ಉಳಿದುಬಿಡುತ್ತವೆ. ಹಲ್ಲು ಹುಟ್ಟಿದ ಮೇಲೆ ಅವು ಬಣ್ಣ ಹೀರಿ ಕಂದಾಗುತ್ತವೆ. ಸರಿಯಾಗಿ ಹಲ್ಲುಜ್ಜದ್ದರಿಂದ ಬಂದ ಕಲೆ ಇದಲ್ಲ. ಆ ಕಡೆಯ ಎಷ್ಟೋ ಹೆಣ್ಣುಮಕ್ಕಳು ತಮ್ಮದೇ ತಪ್ಪೆಂಬಂತೆ ಬಾಯಿಗೆ ಕೈ ಅಡ್ಡ ಹಿಡಿದು ನಗುವುದು ನನಗೆ ಸಂಕಟದ ವಿಷಯ.

ವೆನೀರ್ ಎಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪಿಂಗಾಣಿ ಪದರ. ಅದಕ್ಕೆ ಜಾಗ ಮಾಡಲು ಸಾಮಾನ್ಯವಾಗಿ ಹೆಚ್ಚುಕಡಿಮೆ ಅಷ್ಟೇ ಎನಾಮೆಲ್ ಉಜ್ಜಿ ತೆಗೆಯಬೇಕು. ಒಸಡಿನ ಹತ್ತಿರ ಎನಾಮೆಲ್ ಮೊದಲೇ ತೀರಾ ತೆಳು. ಒಮ್ಮೆ ತೆಗೆದದ್ದು ಮತ್ತೆ ಬೆಳೆಯುವುದಿಲ್ಲ. ಚೆನ್ನಾಗಿ ಮಾಡಿದ ವೆನೀರ್ ಹತ್ತು ಹದಿನೈದು ವರ್ಷ ಬರಬಹುದು, ಆಮೇಲೆ ಬದಲಿಸಬೇಕು. 25ಕ್ಕೆ ಶುರು ಮಾಡಿದರೆ ಜೀವಮಾನದಲ್ಲಿ ಎರಡು ಮೂರು ಸಲವಾದರೂ ಆ ಖರ್ಚಿದೆ. ಹಾಗಾಗಿ ಹತ್ತು ಹಲ್ಲಿನ ಪ್ಯಾಕೇಜಿಗೆ ಈಗಲೇ ಒಪ್ಪಬೇಡಿ ಎನ್ನುತ್ತೇನೆ.

ಹಲ್ಲು ಕಡಿಮೆ ಸವೆಯುವ ದಾರಿ ಮೊದಲು. ಕಲೆ ಮೇಲ್ಪದರದಲ್ಲೇ ಇದ್ದರೆ ಮೈಕ್ರೋಅಬ್ರೇಶನ್ ಮಾಡುತ್ತಾರೆ: ಆಮ್ಲ ಬೆರೆತ ತರಿತರಿ ಪೇಸ್ಟಿನಿಂದ ಕೂದಲೆಳೆಯಷ್ಟು ಪದರ ಉಜ್ಜಿ ತೆಗೆಯುವುದು. ಅದರ ಮೇಲೆ ಬ್ಲೀಚಿಂಗ್ ಮಾಡಿಸಿದರೆ ಸಾಧಾರಣ ಕಂದು ಕಲೆ ಬಹಳಷ್ಟು ತಿಳಿಯಾಗುತ್ತದೆ. ಬ್ಲೀಚಿಂಗ್ ಆದ ಹೊಸದರಲ್ಲಿ ಬಿಳಿ ಮಚ್ಚೆಗಳು ಇನ್ನಷ್ಟು ಎದ್ದು ಕಂಡರೆ ಗಾಬರಿಯಾಗಬೇಡಿ. ಇಷ್ಟಾದ ಮೇಲೂ ಕಲೆ ಉಳಿದ ಒಂದೆರಡು ಹಲ್ಲಿಗೆ ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ ರೆಸಿನ್, ಹಚ್ಚಬಹುದು. ವರ್ಷಗಳಲ್ಲಿ ಕಾಫಿ ಟೀ ಬಣ್ಣ ಹಿಡಿಯುತ್ತದೆ, ಚೂರು ಹಾರಿದರೆ ಅಲ್ಲೇ ತೇಪೆ ಹಾಕಿಸಬಹುದು. ಬ್ಲೀಚಿಂಗ್ ಮುಗಿದು ಎರಡು ವಾರವಾದರೂ ಬಿಟ್ಟು ಅಂಟಿಸುವ ಕೆಲಸ ಮಾಡಿಸಿ, ಇಲ್ಲದಿದ್ದರೆ ಅಂಟು ಸರಿಯಾಗಿ ಕಚ್ಚುವುದಿಲ್ಲ. ಪಿಂಗಾಣಿಗೆ ಬ್ಲೀಚಿಂಗ್ ತಾಗದು. ವೆನೀರ್ ಬೇಕೇ ಬೇಕಾದರೂ ಬಿಳುಪು ಮಾಡಿಸುವುದು ಅದಕ್ಕೂ ಮೊದಲು. ಮೂರು ತಿಂಗಳು ಇದಕ್ಕೆಲ್ಲ ಧಾರಾಳವಾಗಿ ಸಾಕು. ಎನಾಮೆಲ್ ಗುಳಿ ಬಿದ್ದು ಉದುರುವಷ್ಟು ಕೆಟ್ಟಿದ್ದರೆ ಮಾತ್ರ ವೆನೀರ್ ನ್ಯಾಯವಾದ ಆಯ್ಕೆ.

ಇನ್ನು ಡಾಕ್ಟರ ವಿಷಯ. ನಮ್ಮ ದೇಶದಲ್ಲಿ ‘ಕಾಸ್ಮೆಟಿಕ್ ಡೆಂಟಿಸ್ಟ್ರಿ’ ಎಂಬ ಪ್ರತ್ಯೇಕ ಎಂ.ಡಿ.ಎಸ್. ಇಲ್ಲ, ಬೋರ್ಡಿನ ಮೇಲೆ ಹಾಗೆ ಬರೆದಿದ್ದರೆ ಅದು ಡಿಗ್ರಿಯಲ್ಲ. ಈ ಕೆಲಸಕ್ಕೆ ಹತ್ತಿರದ ತರಬೇತಿ ಪಡೆದವರು ಪ್ರಾಸ್ತೊಡಾಂಟಿಕ್ಸ್ ಅಥವಾ ಕನ್ಸರ್ವೇಟಿವ್ ಡೆಂಟಿಸ್ಟ್ರಿಯಲ್ಲಿ ಎಂ.ಡಿ.ಎಸ್. ಮಾಡಿದವರು. ನುರಿತ ಬಿ.ಡಿ.ಎಸ್. ಡಾಕ್ಟರೂ ಚೆನ್ನಾಗಿ ಮಾಡಬಲ್ಲರು. ರಾಜ್ಯ ದಂತ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಬ್ಯೂಟಿ ಪಾರ್ಲರಿನಲ್ಲಿ ಹಲ್ಲು ಮುಟ್ಟಿಸಲೇಬೇಡಿ.

ಡಾಕ್ಟರು ಬೆಲೆ ಹೇಳುವ ಮುಂಚೆ ಏನು ಮಾಡುತ್ತಾರೆ ಗಮನಿಸಿ. ಒಸಡು, ಹುಳುಕು ನೋಡಿ, ಎಕ್ಸ್‌ರೇ ತೆಗೆದು, ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ ಎಂದು ಕೇಳಬೇಕು. ಹಲ್ಲು ಕಡಿಯುವವರ ಬಾಯಲ್ಲಿ ಪಿಂಗಾಣಿ ಬೇಗ ಸಿಡಿಯುತ್ತದೆ. ನೀವು ಕೇಳಲೇಬೇಕಾದ ಪ್ರಶ್ನೆ: ಹಾಕುವುದು ವೆನೀರೋ, ಕ್ಯಾಪೋ? ಕ್ಯಾಪಿಗಾದರೆ ಹಲ್ಲನ್ನು ಸುತ್ತಲೂ ಕೊರೆದು ಮೊಳೆಯಂತೆ ಮಾಡುತ್ತಾರೆ. ಅದನ್ನೇ ವೆನೀರ್ ಎಂದು ಹೇಳಿ ಹಾಕುವವರೂ ಇದ್ದಾರೆ. ಫ್ಲೋರೋಸಿಸ್ ಹಲ್ಲಿಗೆ ಅಂಟು ಹಿಡಿಸುವುದು ಸ್ವಲ್ಪ ಕಷ್ಟ, ಅಂಥ ಕೇಸು ಮಾಡಿದ ಅನುಭವವಿದೆಯೇ ಎಂದೂ ಕೇಳಿ. ಅವರೇ ಮಾಡಿದ, ಎರಡು ಮೂರು ವರ್ಷ ದಾಟಿದ ಕೆಲಸದ ಫೋಟೊ ನೋಡಿ. ಅಂಟಿಸಿದ ದಿನದ ಫೋಟೊದಲ್ಲಿ ಎಲ್ಲವೂ ಚಂದವೇ.

ವೆನೀರೇ ಖಚಿತವಾದರೆ ‘ಮಾಕ್-ಅಪ್’ ಮಾಡಿಸದೆ ಹಲ್ಲು ಉಜ್ಜಲು ಬಿಡಬೇಡಿ. ನಿಮ್ಮ ಹಲ್ಲಿನ ಮೇಲೇ ತಾತ್ಕಾಲಿಕ ರೆಸಿನ್ ಕೂರಿಸಿ ಮುಂದಿನ ರೂಪ ತೋರಿಸುವ ಕ್ರಮ ಅದು. ಕನ್ನಡಿ ನೋಡಿದರಷ್ಟೇ ಸಾಲದು. ಕೂತಲ್ಲೇ ‘ಕಾಫಿ’, ‘ಆಫೀಸು’, ‘ಸರಸ್ವತಿ’ ಎಂದು ಗಟ್ಟಿಯಾಗಿ ಹೇಳಿ. ಮೇಲಿನ ಹಲ್ಲು ಉದ್ದವಾಗಿದ್ದರೆ ‘ಫ’ ಹೇಳುವಾಗ ಕೆಳದುಟಿಯನ್ನು ಒತ್ತುತ್ತದೆ, ಸಂದು ತಪ್ಪಿದ್ದರೆ ‘ಸ’ಕಾರದಲ್ಲಿ ಸೀಟಿ ಬರುತ್ತದೆ. ತಾಯಿಗೋ ಗೆಳತಿಗೋ ತೋರಿಸಿ. ಕಾಗದದಷ್ಟು ಬೆಳ್ಳಗಿನ ಶೇಡ್ ನಮ್ಮ ಮೈಬಣ್ಣದ ಜೊತೆ ಒಡೆದು ಕಾಣುತ್ತದೆ, ಒಂದು ಛಾಯೆ ಕಡಿಮೆಯದನ್ನೇ ಆರಿಸಿ ಎನ್ನುವುದು ನನ್ನ ಸಲಹೆ. ಯಾವ ವಸ್ತು, ಎಷ್ಟು ಹಲ್ಲು, ಒಡೆದರೆ ಯಾರ ಖರ್ಚು ಎಂಬುದನ್ನು ಬರೆಸಿಕೊಳ್ಳಿ. ಹಾಕಿಸಿದ ಮೇಲೆ ಕಬ್ಬನ್ನು ಮುಂದಿನ ಹಲ್ಲಿನಿಂದ ಸಿಗಿಯುವುದು, ದಾರ ಕಚ್ಚಿ ತುಂಡರಿಸುವುದು ನಿಲ್ಲಬೇಕು.

ಎರಡನೆಯ ಅಭಿಪ್ರಾಯಕ್ಕೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿಗೆ ಹೋಗಿ ಬನ್ನಿ.

ಅಕ್ಕನ ಮಗನ ವಿಷಯದಲ್ಲಿ ಕಾಲ ಮಿಂಚಿಲ್ಲ. ಅವನ ಶಾಶ್ವತ ಹಲ್ಲುಗಳು ಈಗ ಒಸಡಿನೊಳಗೆ ರೂಪುಗೊಳ್ಳುತ್ತಿವೆ. ಎಂಟು ವರ್ಷದವರೆಗಿನ ನೀರೇ ಮುಖ್ಯ. ಮನೆಯ ನೀರನ್ನು ಪರೀಕ್ಷೆ ಮಾಡಿಸಿ. ಭಾರತೀಯ ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದ ಕಡೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಸಾಂದ್ರತೆ ಹೆಚ್ಚುತ್ತದೆ. ಆರ್.ಒ. ಇರುವ ಶುದ್ಧ ನೀರಿನ ಘಟಕ ಹತ್ತಿರದಲ್ಲಿದ್ದರೆ ಅವನಿಗೆ ಕುಡಿಯಲೂ ಅನ್ನ ಸಾರಿಗೂ ಅದೇ ನೀರು ಬಳಸಲು ಅಕ್ಕನಿಗೆ ಇವತ್ತೇ ಹೇಳಿ.