ಅಂಗಡಿಯಲ್ಲಿ ನಕಲಿ ಎಣ್ಣೆ, ಅಟ್ಟದಲ್ಲಿ ಅಸಲಿ ಕೊಬ್ಬರಿ

ಪ್ರಶ್ನೆ: ನಾನು ತುರುವೇಕೆರೆ ತಾಲ್ಲೂಕಿನವಳು. ನಾನೂ ನನ್ನ ಯಜಮಾನರೂ ಸೇರಿ ಊರಲ್ಲಿ ದಿನಸಿ ಅಂಗಡಿ ನಡೆಸುತ್ತೇವೆ. ಸ್ವಲ್ಪ ತೆಂಗಿನ ತೋಟವಿದೆ, ಅಟ್ಟದಲ್ಲಿ ಕಾಯಿ ಇದೆ. ಹತ್ತಿರದ ನೆಂಟರೊಬ್ಬರು ಗಾಡಿಯಲ್ಲಿ ಅಂಗಡಿಗಳಿಗೆ ಮಾಲು ಹಾಕುತ್ತಾರೆ. ಅದರಲ್ಲಿ ಹೆಸರಾದ ಕಂಪನಿಯ ಕೊಬ್ಬರಿ ಎಣ್ಣೆ ಡಬ್ಬಿಗಳು, ಸೋಪು ಎಲ್ಲ ಇರುತ್ತವೆ. ಬೆಲೆ ತೀರಾ ಕಡಿಮೆ, ಲಾಭ ಜಾಸ್ತಿ, ಬಿಲ್ ಮಾತ್ರ ಕೊಡುವುದಿಲ್ಲ. ಡಬ್ಬಿಯ ಬಣ್ಣ, ಅಕ್ಷರ ಎಲ್ಲ ಅಸಲಿಯ ಹಾಗೇ ಇದೆ. ಆದರೆ ಕೊಬ್ಬರಿ ಮಾಡುವ ಮನೆಯಲ್ಲಿ ಹುಟ್ಟಿದ ನನಗೆ ಎಣ್ಣೆಯ ವಾಸನೆ ತಿಳಿಯದೇ? ಮೊನ್ನೆ ಪಕ್ಕದ ಬೀದಿಯ ಬಾಣಂತಿಯ ಮಗುವಿಗೆಂದು ಅದೇ ಡಬ್ಬಿ ಕೊಂಡುಹೋದರು. ಬೇಡ ಎನ್ನಲು ಬಾಯಿ ಬರಲಿಲ್ಲ. ನೆಂಟರನ್ನು ಕೇಳಿದರೆ, ‘ಎಲ್ಲರೂ ಮಾರುತ್ತಾರೆ. ಕೋಟಿಗಟ್ಟಲೆ ದುಡಿಯುವ ಕಂಪನಿಗೆ ನಮ್ಮಿಂದ ಏನು ನಷ್ಟ? ಬಡವರಿಗೆ ಅಗ್ಗಕ್ಕೆ ಸಿಗುತ್ತದಲ್ಲ’ ಎನ್ನುತ್ತಾರೆ. ಯಜಮಾನರಿಗೆ ಮಗಳ ಕಾಲೇಜು ಫೀಸಿನ ಚಿಂತೆ. ಬೇಡವೆಂದರೆ ನೆಂಟಸ್ತನ ಕೆಡುತ್ತದೆ, ಗಿರಾಕಿಗಳು ಎದುರಂಗಡಿಗೆ ಹೋಗುತ್ತಾರೆ. ಇದು ಅಷ್ಟು ದೊಡ್ಡ ತಪ್ಪೇ? ನಾನೇನು ಮಾಡಲಿ?

ಉತ್ತರ: ತಪ್ಪು ಹೌದು, ಸಣ್ಣ ತಪ್ಪೂ ಅಲ್ಲ. ನೀವು ಆ ಮಾಲು ಮಾರುವುದನ್ನು ಇವತ್ತೇ ನಿಲ್ಲಿಸಬೇಕು. ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಕಾರಣ, ನಿಮ್ಮ ಮನಸ್ಸು ಈ ತೀರ್ಮಾನಕ್ಕೆ ಆಗಲೇ ಬಂದಿದೆ. ನಿಮಗೆ ಬೇಕಿರುವುದು ಮನೆಯವರ ಮುಂದೆ, ನೆಂಟರ ಮುಂದೆ ನಿಂತು ಹೇಳಬಲ್ಲ ಕಾರಣಗಳು. ಅವರ ಮೂರು ಮಾತನ್ನೂ ಒಂದೊಂದಾಗಿ ನೋಡೋಣ.

ಮೊದಲನೆಯದು, ‘ಕಂಪನಿಗೇನು ನಷ್ಟ’ ಎಂಬುದು. ಕಂಪನಿಯ ಲೆಕ್ಕ ಕಂಪನಿ ನೋಡಿಕೊಳ್ಳಲಿ, ನೀವು ನಿಮ್ಮ ಅಟ್ಟದ ಲೆಕ್ಕ ನೋಡಿ. ಚೆನ್ನಾಗಿ ಒಣಗಿದ ನೂರು ಕೆ.ಜಿ. ಕೊಬ್ಬರಿ ಅರೆದರೆ ಸುಮಾರು 60ರಿಂದ 65 ಕೆ.ಜಿ. ಎಣ್ಣೆ ಬರುತ್ತದೆ. ಅಂದರೆ ಒಂದು ಲೀಟರ್ ಎಣ್ಣೆಗೆ ಹತ್ತಿರ ಹತ್ತಿರ ಒಂದೂವರೆ ಕೆ.ಜಿ. ಕೊಬ್ಬರಿ ಬೇಕು. ಕೊಬ್ಬರಿ ಕೆ.ಜಿ.ಗೆ 200 ರೂಪಾಯಿ ಇರುವ ದಿನ ಒಂದು ಲೀಟರ್ ಎಣ್ಣೆಯೊಳಗೆ ಕೊಬ್ಬರಿಯ ಬೆಲೆಯೇ 300 ರೂಪಾಯಿ. ಹಿಂಡಿ ಮಾರಿ ಬರುವ ದುಡ್ಡು ಗಾಣದ ಕೂಲಿಗೆ, ಡಬ್ಬಿಗೆ, ಸಾಗಣೆಗೆ ಸಾಲದು. ಅಂಥ ದಿನ ಯಾರಾದರೂ ಅರ್ಧ ಬೆಲೆಗೆ ‘ಶುದ್ಧ ಕೊಬ್ಬರಿ ಎಣ್ಣೆ’ ತಂದಿಳಿಸಿದರೆ ಅದು ಬರೀ ಕೊಬ್ಬರಿಯದಲ್ಲ ಎಂದು ಹೇಳಲು ಪ್ರಯೋಗಾಲಯ ಬೇಡ, ತಿಪಟೂರು ಸೀಮೆಯ ಯಾವ ರೈತನಾದರೂ ಹೇಳಬಲ್ಲ. ಇಂಥ ಎಣ್ಣೆಗೆ ಸಾಮಾನ್ಯವಾಗಿ ಬೆರೆಸುವುದು ತಾಳೆ ಎಣ್ಣೆ, ತಾಳೆ ಬೀಜದ ಎಣ್ಣೆ ಅಥವಾ ಪೆಟ್ರೋಲಿಯಂನಿಂದ ಬರುವ ವಾಸನೆಯಿಲ್ಲದ ಖನಿಜ ತೈಲ. ಮೇಲಿಂದ ಒಂದಿಷ್ಟು ಕೊಬ್ಬರಿಯ ಕೃತಕ ಪರಿಮಳ.

ಅಂಥ ನಕಲಿ ಎಣ್ಣೆ ಒಂದು ಲೀಟರ್ ಮಾರಾಟವಾದರೆ ಎಲ್ಲೋ ಒಂದೂವರೆ ಕೆ.ಜಿ. ಕೊಬ್ಬರಿ ಮಾರಾಟವಾಗದೆ ಉಳಿಯುತ್ತದೆ. ನಮ್ಮದು ಉಂಡೆ ಕೊಬ್ಬರಿ, ಉತ್ತರ ಭಾರತಕ್ಕೆ ತಿನ್ನಲು ಹೋಗುತ್ತದೆ, ಎಣ್ಣೆ ಮಿಲ್ಲಿಗಲ್ಲ ಎಂದು ನೀವು ಹೇಳಬಹುದು. ನಿಜ. ಆದರೆ ಎರಡಕ್ಕೂ ಕಾಯಿ ಒಂದೇ ಮರದ್ದು. ಎಣ್ಣೆ ಕೊಬ್ಬರಿಗೆ ಬೇಡಿಕೆ ಕುಸಿದರೆ ಅದೇ ಕಾಯಿ ಉಂಡೆಯಾಗಿ ಮಂಡಿಗೆ ಬಂದು ಬೀಳುತ್ತದೆ. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ತಿಪಟೂರು ಎಪಿಎಂಸಿಯಲ್ಲಿ ಧಾರಣೆ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗಿತ್ತು. ನಾಫೆಡ್ ಖರೀದಿಗಾಗಿ ರೈತರು ಬೀದಿಗಿಳಿದಿದ್ದನ್ನು ನೀವೂ ನೋಡಿರುತ್ತೀರಿ. 2025ರಲ್ಲಿ ಅದೇ ಮಾರುಕಟ್ಟೆಯಲ್ಲಿ ಧಾರಣೆ 20 ಸಾವಿರ ದಾಟಿತು. ಬೆಲೆ ಏರಿದಾಗ ಕಲಬೆರಕೆಯವನಿಗೆ ಸುಗ್ಗಿ. ಅವನ ಮಾಲು ಅಂಗಡಿ ತುಂಬಿದಷ್ಟೂ ಅಸಲಿಗೆ ಗಿರಾಕಿ ಕಡಿಮೆ. ಕಡೆಗೆ ಬೆಲೆ ಇಳಿಯುವುದು ಬೆಳೆದವನ ತಲೆಯ ಮೇಲೆ. ಎಂಟು ಹತ್ತು ತಿಂಗಳು ಅಟ್ಟದಲ್ಲಿ ಕಾಯಿ ಕಾಪಾಡಿ, ಒಳಗೆ ನೀರು ಬತ್ತಿ ಗಿಟಕು ಅಲುಗುವವರೆಗೆ ಕಾದು, ಸಿಪ್ಪೆ ಸುಲಿಸಿ, ಚಿಪ್ಪು ಒಡೆಸಿ, ಕೌಟು ಬೇರೆ ಮಾಡಿ ಮಂಡಿಗೆ ಹಾಕುವ ನಿಮ್ಮ ಶ್ರಮಕ್ಕೆ ನಿಮ್ಮದೇ ಅಂಗಡಿಯಲ್ಲಿ ಪೈಪೋಟಿ ಕೂತಿದೆ.

ಇನ್ನು ಸೋಪಿನ ವಿಷಯ. ಮೈಸೂರು ಸ್ಯಾಂಡಲ್ ಸೋಪು ಯಾವ ಸಾಹುಕಾರನದು? 1916ರಲ್ಲಿ ಶುರುವಾದ ಮೈಸೂರು ಸಂಸ್ಥಾನದ ಗಂಧದೆಣ್ಣೆ ಕಾರ್ಖಾನೆಯಿಂದ ಬೆಳೆದು ಬಂದ, ಇವತ್ತು ರಾಜ್ಯ ಸರ್ಕಾರದ್ದೇ ಆದ ಕೆಎಸ್‌ಡಿಎಲ್ ಸಂಸ್ಥೆಯದು. 2024ರ ಜನವರಿಯಲ್ಲಿ ಅದರ ಅಧಿಕಾರಿಗಳು ಖರೀದಿದಾರರ ವೇಷದಲ್ಲಿ ಹೋಗಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ತಯಾರಿಸುತ್ತಿದ್ದ ಜಾಲವನ್ನು ಹಿಡಿಸಿದರು. ನಂದಿನಿ ತುಪ್ಪ ಯಾರದು? ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಹೆಣ್ಣುಮಕ್ಕಳದು. 2021ರ ಡಿಸೆಂಬರಿನಲ್ಲಿ ಮೈಸೂರು ಹತ್ತಿರದ ಹೊಸಹುಂಡಿಯಲ್ಲಿ, 2025ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಂದಿನಿ ಹೆಸರಿನ ನಕಲಿ ತುಪ್ಪ ಸಿಕ್ಕಿತು. ಎರಡನೆಯ ದಾಳಿಯಲ್ಲಿ ಸಿಸಿಬಿ ಪೊಲೀಸರು ವಶಪಡಿಸಿಕೊಂಡಿದ್ದು ಎಂಟು ಸಾವಿರ ಲೀಟರಿಗೂ ಹೆಚ್ಚು. ಇಲ್ಲೆಲ್ಲ ನಷ್ಟವಾದದ್ದು ನಿಮ್ಮಂಥವರಿಗೇ.

ಎರಡನೆಯ ಮಾತು, ‘ಬಡವರಿಗೆ ಅಗ್ಗಕ್ಕೆ ಸಿಗುತ್ತದೆ’. ಈ ಮಾತು ನನಗೆ ಬಹಳ ನೋವು ಕೊಡುತ್ತದೆ. ನಕಲಿ ಮಾಲು ಹುಡುಕಿಕೊಂಡು ಹೋಗುವುದೇ ಬಡವರ ಮನೆಗೆ. ದೊಡ್ಡ ಊರಿನವರು ದೊಡ್ಡ ಅಂಗಡಿಗೆ ಹೋಗುತ್ತಾರೆ, ಬಿಲ್ ಪಡೆಯುತ್ತಾರೆ, ಕೆಟ್ಟಿದ್ದರೆ ವಾಪಸು ಕೊಟ್ಟು ಜಗಳವಾಡುತ್ತಾರೆ. ಕಾಯಿ ಸುಲಿಯುವ ಕೂಲಿಯಾಳು ಸಂಜೆ ಬಂದು ಹತ್ತು ಇಪ್ಪತ್ತು ರೂಪಾಯಿಯ ಸಣ್ಣ ಡಬ್ಬಿ ಕೊಳ್ಳುತ್ತಾನೆ. ಅವನು ಕೊಳ್ಳುತ್ತಿರುವುದು ಆ ಹೆಸರನ್ನು ನಂಬಿ, ಅದಕ್ಕಿಂತ ಹೆಚ್ಚಾಗಿ ನಿಮ್ಮನ್ನು ನಂಬಿ. ಅವನಿಗೆ ‘ಇದು ಬೇರೆ ಎಣ್ಣೆ, ಅದಕ್ಕೇ ಅಗ್ಗ’ ಎಂದು ಹೇಳಿ ಕೊಟ್ಟಿದ್ದರೆ ಅದು ವ್ಯಾಪಾರ. ಹೇಳದೆ ಕೊಟ್ಟರೆ ಅವನ ಕೂಲಿಯಲ್ಲಿ ಒಂದು ಪಾಲು ಕಿತ್ತುಕೊಂಡಂತೆ. ಎಷ್ಟೋ ಸಲ ಅವನಿಗೆ ಅಗ್ಗವೂ ಸಿಕ್ಕಿರುವುದಿಲ್ಲ. ಡಬ್ಬಿಯ ಮೇಲಿನ ಪೂರ್ತಿ ಬೆಲೆ ಕೊಟ್ಟಿರುತ್ತಾನೆ, ಅಗ್ಗದ ಲಾಭ ನಡುವಿನವರದು.

ಆ ಬಾಣಂತಿಯ ಮಗುವಿನ ಮಾತು ಬಿಡುವಂತಿಲ್ಲ. ನಮ್ಮ ಕಡೆ ಕೊಬ್ಬರಿ ಎಣ್ಣೆ ತಲೆಗೂ ಮೈಗೂ ಒಗ್ಗರಣೆಗೂ ಒಂದೇ. ಖನಿಜ ತೈಲ ತಿನ್ನುವ ಪದಾರ್ಥವಲ್ಲ. ಒಳಗೇನಿದೆ ಎಂದು ಗೊತ್ತಿಲ್ಲದ ಎಣ್ಣೆಯನ್ನು ಎಳೆಗೂಸಿನ ಮೈಗೆ ಹಚ್ಚುವುದು ಸಲ್ಲದು. ಇವತ್ತೇ ಆ ಮನೆಗೆ ಹೋಗಿ, ‘ಆ ಡಬ್ಬಿಯ ಬಗ್ಗೆ ನನಗೆ ಅನುಮಾನ ಬಂದಿದೆ, ಹಚ್ಚಬೇಡಿ’ ಎಂದು ಹೇಳಿ, ದುಡ್ಡು ವಾಪಸು ಕೊಡಿ, ಮನೆಯ ಕೊಬ್ಬರಿಯಿಂದ ತೆಗೆಸಿದ ಎಣ್ಣೆ ಇದ್ದರೆ ಒಂದು ಬಟ್ಟಲು ಕೊಡಿ. ನಿಮ್ಮ ಮನಸ್ಸಿನ ಭಾರ ಅರ್ಧ ಅಲ್ಲೇ ಇಳಿಯುತ್ತದೆ.

ಮೂರನೆಯದು, ‘ಎಲ್ಲರೂ ಮಾರುತ್ತಾರೆ’. ಎಲ್ಲರೂ ಮಾರಿದರೆ ಏನಾಗುತ್ತದೆ ಎಂಬುದಕ್ಕೆ ಕೇರಳ ನೋಡಿ. ಕೊಬ್ಬರಿ ಎಣ್ಣೆಯಿಲ್ಲದೆ ಅಡುಗೆಯೇ ಇಲ್ಲದ ಆ ನಾಡಿನಲ್ಲಿ 2018ರ ಡಿಸೆಂಬರಿನಲ್ಲಿ ಒಂದೇ ಆದೇಶದಲ್ಲಿ 74 ಬ್ರ್ಯಾಂಡುಗಳ ಕೊಬ್ಬರಿ ಎಣ್ಣೆಯನ್ನು ಕಲಬೆರಕೆಗಾಗಿ ನಿಷೇಧಿಸಬೇಕಾಯಿತು. ಅದಕ್ಕೆ ಮುಂಚೆ ಅದೇ ವರ್ಷ ಇನ್ನೂ ಹಲವು ಬ್ರ್ಯಾಂಡುಗಳ ಮೇಲೆ ನಿಷೇಧ ಬಿದ್ದಿತ್ತು. ಅಷ್ಟು ಹೆಸರುಗಳ ನಡುವೆ ನೆಟ್ಟಗೆ ಗಾಣ ನಡೆಸುವವನ ಡಬ್ಬಿಯನ್ನೂ ಜನ ಅನುಮಾನದಿಂದಲೇ ನೋಡುತ್ತಾರೆ. ನಕಲಿ ಮಾಡುವ ದೊಡ್ಡ ಕೇಡು ಇದೇ: ಅಸಲಿಯ ಮೇಲಿನ ನಂಬಿಕೆಯನ್ನೂ ಕೆಡಿಸುತ್ತದೆ.

ನಂಬಿಕೆಯಿಂದ ಬದುಕುವ ಸೀಮೆ ನಮ್ಮದು. ದಿಲ್ಲಿಯ ವ್ಯಾಪಾರಿ ತಿಪಟೂರಿನ ರವಾನೆದಾರನಿಂದ ಚೀಲಗಟ್ಟಲೆ ಕೊಬ್ಬರಿ ತರಿಸುವಾಗ ಪ್ರತಿ ಉಂಡೆಯನ್ನೂ ಒಡೆದು ನೋಡುವುದಿಲ್ಲ, ತಿಪಟೂರು ಎಂಬ ಹೆಸರಿಗೆ ದುಡ್ಡು ಕೊಡುತ್ತಾನೆ. ಹಸಿ ಕೊಬ್ಬರಿಗೆ ಗಂಧಕದ ಹೊಗೆ ಕೊಟ್ಟು ಬಿಳಿ ಮಾಡಿ ಕಳಿಸಿದವನು ತನ್ನ ಒಂದು ಲೋಡಿನ ಲಾಭಕ್ಕೆ ಚಿಕ್ಕನಾಯಕನಹಳ್ಳಿ, ತುರುವೇಕೆರೆ, ತಿಪಟೂರಿನ ಎಲ್ಲ ಅಟ್ಟಗಳ ಹೆಸರನ್ನೂ ಪಣಕ್ಕಿಡುತ್ತಾನೆ. ಇದೇ ಚಾಳಿ ಸಸಿಗೂ ಬಂದರೆ ಗತಿಯೇನು? ‘ಹೈಬ್ರಿಡ್, ಮೂರೇ ವರ್ಷಕ್ಕೆ ಫಲ’ ಎಂದು ಗಾಡಿಯಲ್ಲಿ ತಂದು ಮಾರುವ ತೆಂಗಿನ ಸಸಿ ನಕಲಿ ಎಂದು ಗೊತ್ತಾಗುವ ಹೊತ್ತಿಗೆ ಆರೇಳು ವರ್ಷ ಕಳೆದಿರುತ್ತದೆ. ಮಾರಿದವನ ಬಳಿ ಬಿಲ್ ಇರಲಿಲ್ಲ, ಕೊಂಡವನು ಕೇಳಲಿಲ್ಲ. ಆ ವರ್ಷಗಳನ್ನು ಯಾವ ನ್ಯಾಯಾಲಯವೂ ಹಿಂದಿರುಗಿಸಲಾರದು. ಅದಕ್ಕೇ ಸಸಿ ಬೇಕಿದ್ದವರು ತೋಟಗಾರಿಕೆ ಇಲಾಖೆಯ ನರ್ಸರಿಯನ್ನೋ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನೋ ವಿಚಾರಿಸುವುದು ಒಳ್ಳೆಯದು. ಬಿಲ್ಲಿಲ್ಲದ ವ್ಯಾಪಾರವನ್ನು ಎಣ್ಣೆಯಲ್ಲಿ ಒಪ್ಪಿಕೊಂಡ ಊರು ಔಷಧಿಯಲ್ಲಿ, ಗೊಬ್ಬರದಲ್ಲಿ, ಸಸಿಯಲ್ಲಿ ಅದನ್ನು ತಡೆಯುವುದು ಕಷ್ಟ.

ಈಗ ಕಾನೂನಿನ ಮಾತು. ಹೆದರಿಸಲು ಹೇಳುತ್ತಿಲ್ಲ, ನಿಮಗೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ನಕಲಿ ಗುರುತಿನ ಮಾಲು ತಯಾರಿಸಿದವನಷ್ಟೇ ಅಲ್ಲ, ಮಾರಿದವನೂ ಅಪರಾಧಿ. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ ಎರಡು ಲಕ್ಷ ರೂಪಾಯಿಯವರೆಗೆ ದಂಡ. ಎಚ್ಚರಿಕೆ ವಹಿಸಿದ್ದೆ, ಗೊತ್ತಿಲ್ಲದೆ ಮಾರಿದೆ, ಯಾರು ಕೊಟ್ಟರೆಂದು ಕೇಳಿದಾಗ ತಿಳಿಸಿದೆ ಎಂದು ಸಾಬೀತು ಮಾಡಿದವರಿಗೆ ರಕ್ಷಣೆ ಇದೆ. 2006ರ ಆಹಾರ ಸುರಕ್ಷತೆ ಕಾಯ್ದೆಯೂ ಎಲ್ಲಿಂದ ಬಂತೆಂದು ಹೇಳಲಾಗದ ಆಹಾರ ಪದಾರ್ಥ ಮಾರಿದವರನ್ನೇ ಹೊಣೆ ಮಾಡುತ್ತದೆ. ನಿಮಗೆ ಈಗ ಗೊತ್ತಾಗಿದೆ. ಇನ್ನು ಮುಂದೆ ಮಾರುವ ಒಂದೊಂದು ಡಬ್ಬಿಗೂ ‘ತಿಳಿಯದೆ ಮಾಡಿದೆ’ ಎನ್ನುವ ದಾರಿ ಇಲ್ಲ. ನಾಳೆ ದಾಳಿಯಾದರೆ ಗಾಡಿ ಬೇರೆ ಊರಿಗೆ ಹೋಗಿರುತ್ತದೆ, ಅಂಗಡಿ ಮತ್ತು ಲೈಸೆನ್ಸು ನಿಮ್ಮ ಹೆಸರಲ್ಲಿರುತ್ತವೆ. ಯಜಮಾನರಿಗೆ ಇದನ್ನು ಹೇಳಿ. ಮಗಳ ಫೀಸಿಗಾಗಿ ಹೊರುವ ಅಪಾಯ ಫೀಸಿಗಿಂತ ದೊಡ್ಡದು.

ಮಾಡಬೇಕಾದದ್ದು ಇಷ್ಟು. ಉಳಿದಿರುವ ಡಬ್ಬಿಗಳನ್ನು ಮಾರಿ ಮುಗಿಸೋಣ ಎನ್ನಬೇಡಿ, ಕಪಾಟಿನಿಂದ ತೆಗೆದು ಬೇರೆ ಇಡಿ. ನೆಂಟರಿಗೆ ವಾಪಸು ಕೊಡಲೂ ಬೇಡಿ, ಅವು ಇನ್ನೊಂದು ಅಂಗಡಿಗೆ ಹೋಗುತ್ತವೆ. ಅವರನ್ನು ಒಬ್ಬರನ್ನೇ ಕೂರಿಸಿಕೊಂಡು, ಗಂಡ ಹೆಂಡತಿ ಇಬ್ಬರೂ ಜೊತೆಯಲ್ಲಿ ಹೇಳಿ: ‘ಜಿಎಸ್‌ಟಿ ಬಿಲ್ ಇಲ್ಲದ ಮಾಲು ನಮ್ಮ ಅಂಗಡಿಗೆ ಬೇಡ. ಬಿಲ್ ಇರುವ ಮಾಲು ತಂದರೆ ನಿಮ್ಮಿಂದಲೇ ಕೊಳ್ಳುತ್ತೇವೆ.’ ಇದರಲ್ಲಿ ಅವಮಾನವಿಲ್ಲ, ಅವರಿಗೂ ತಿದ್ದಿಕೊಳ್ಳಲು ಬಾಗಿಲು ತೆರೆದಿರುತ್ತದೆ. ಅವರೂ ಯಾರಿಂದಲೋ ಮೋಸ ಹೋಗಿರಬಹುದು. ಆದರೆ ನೆಂಟಸ್ತನ ಉಳಿಯಬೇಕೆಂದು ಸುಮ್ಮನಿರಬೇಡಿ. ನಿಮ್ಮನ್ನು ಜೈಲಿನ ಬಾಗಿಲಿಗೆ ತರುವ ನೆಂಟಸ್ತನ ಸುಮ್ಮನಿದ್ದರೂ ಉಳಿಯದು.

ಆಮೇಲೆ ಆ ಡಬ್ಬಿಗಳ ವಿಷಯವನ್ನು ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಿ, ಅಸಲಿ ಕಂಪನಿಯ ಗ್ರಾಹಕ ವಿಭಾಗಕ್ಕೂ ಬರೆಯಿರಿ. ಅದಕ್ಕೆ ಮೊದಲು ತುಮಕೂರಿನಲ್ಲೋ ತಿಪಟೂರಿನಲ್ಲೋ ಪರಿಚಯದ ವಕೀಲರೊಬ್ಬರ ಜೊತೆ ಒಂದು ಗಂಟೆ ಮಾತಾಡಿಕೊಂಡರೆ ಧೈರ್ಯ ಬರುತ್ತದೆ. ತಾವಾಗಿ ಮುಂದೆ ಬಂದು ಹೇಳಿದ ಅಂಗಡಿಯವರ ಸ್ಥಿತಿಯೂ ಸಿಕ್ಕಿಬಿದ್ದವರ ಸ್ಥಿತಿಯೂ ಒಂದೇ ಅಲ್ಲ. ಹೊಸ ಮಾಲು ಕೊಳ್ಳುವಾಗ ಡಬ್ಬಿಯ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ ನೋಡಿ. ಅಸಲಿ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಮಾಗಿಯಲ್ಲೂ ನೀರಿನಂತಿದ್ದರೆ ಅನುಮಾನ ಪಡಿ. ಆದರೆ ತಾಳೆ ಬೀಜದ ಎಣ್ಣೆಯೂ ಹೆಪ್ಪುಗಟ್ಟುವುದರಿಂದ ಗಟ್ಟಿಯಾದ ಮಾತ್ರಕ್ಕೆ ಶುದ್ಧವೆನ್ನಲಾಗದು.

ಗಿರಾಕಿಗಳು ಎದುರಂಗಡಿಗೆ ಹೋಗುವ ಭಯ ನ್ಯಾಯವಾದದ್ದು. ಕೆಲವರು ಹೋಗುತ್ತಾರೆ. ಅವರನ್ನು ಕರೆತರಲು ನಿಮ್ಮ ಕೈಯಲ್ಲಿ ಎದುರಂಗಡಿಯವನಲ್ಲಿ ಇಲ್ಲದ ಒಂದು ಬಲವಿದೆ: ನಿಮ್ಮ ತೋಟದ ಕೊಬ್ಬರಿ. ಹತ್ತಿರದ ಗಾಣದಲ್ಲಿ ಅರೆಸಿ, ಎಫ್‌ಎಸ್‌ಎಸ್‌ಎಐ ನೋಂದಣಿ ಪಡೆದು, ಲೇಬಲ್ ಹಾಕಿ, ಕೂಲಿಯವರೂ ಕೊಳ್ಳಬಲ್ಲ ಸಣ್ಣ ಅಳತೆಯಲ್ಲಿ ನಿಮ್ಮ ಹೆಸರಿನಲ್ಲೇ ಮಾರಿ. ಲಾಭ ಕಡಿಮೆ ಇರುತ್ತದೆ, ಆದರೆ ಪ್ರತಿ ಡಬ್ಬಿಯೂ ನಿಮ್ಮ ಅಟ್ಟಕ್ಕೆ ಬೆಲೆ ತರುತ್ತದೆ.

ಈ ಪತ್ರ ಓದುತ್ತಿರುವ ಉಳಿದವರಿಗೂ ಒಂದು ಮಾತು. ಕೊಂಡ ಆಹಾರ ಪದಾರ್ಥವನ್ನು ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ಆಹಾರ ಸುರಕ್ಷತೆ ಕಾಯ್ದೆಯ 40ನೇ ಸೆಕ್ಷನ್ನಿನಲ್ಲಿ ಗ್ರಾಹಕರಿಗೇ ಇದೆ, ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿರಬೇಕು ಅಷ್ಟೆ. ದೋಷ ಸಾಬೀತಾದರೆ ಶುಲ್ಕ ವಾಪಸು ಬರುತ್ತದೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೇ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮಾರುವವರು ಬಿಲ್ ಕೊಡಿ, ಕೊಳ್ಳುವವರು ಬಿಲ್ ಕೇಳಿ. ಕಲ್ಪತರು ನಾಡಿನಲ್ಲಿ ನಕಲಿ ಕೊಬ್ಬರಿ ಎಣ್ಣೆಗೆ ಒಂದು ಕಪಾಟಿನಲ್ಲೂ ಜಾಗ ಕೊಡಬೇಡಿ.